‘ಸಾಕ್ರಿ’ ಅನ್ನುವವರ ಪರವಾಗಿ ಬೇಡಿದವಳು

ನಿವೃತ್ತಳಾದ ಮೇಲೆ ಫೋನು ಕಡಿಮೆಯಾದೀತು ಅಂದುಕೊಂಡಿದ್ದೆ, ಆಗಲಿಲ್ಲ. ಆಗಾಗ ಯಾರಾದರೊಬ್ಬ ಹುಡುಗಿ ಫೋನು ಮಾಡುತ್ತಾಳೆ. ಗಜೇಂದ್ರಗಡದಲ್ಲೋ ನರಗುಂದದಲ್ಲೋ ಯಾವುದೋ ಸೇವಾ ಸಂಸ್ಥೆಗೆ ಹೊಸದಾಗಿ ಸೇರಿರುತ್ತಾಳೆ. “ಅಕ್ಕಾರ, ನಿಮ್ಮದೊಂದ ಹಳೆ ಅರ್ಜಿ ಇದ್ರ ಕಳಸ್ರಿ, ಅದನ್ನ ನೋಡಿ ಬರಿತೀನಿ” ಅನ್ನುತ್ತಾಳೆ. ಕಳಿಸುತ್ತೇನೆ. ಅದರಿಂದ ಅವಳಿಗೆ ದೊಡ್ಡ ಉಪಯೋಗವೇನೂ ಆಗುವುದಿಲ್ಲವೆಂದು ಗೊತ್ತಿದ್ದೂ ಕಳಿಸುತ್ತೇನೆ. ಅರ್ಜಿಯಲ್ಲಿ ಬರೆಯಲು ಜಾಗವಿಲ್ಲದ ಸಂಗತಿಗಳೇ ಈ ಕೆಲಸದಲ್ಲಿ ಹೆಚ್ಚು. ಅವುಗಳಲ್ಲಿ ಕೆಲವನ್ನಾದರೂ ಒಮ್ಮೆ ಬರೆದಿಟ್ಟರೆ ಫೋನಿನಲ್ಲಿ ಮತ್ತೆ ಮತ್ತೆ ಹೇಳುವುದು ತಪ್ಪುತ್ತದೆ.

ನನ್ನ ಕೆಲಸ ಏನಾಗಿತ್ತೆಂದರೆ, ರೋಣದ ಒಂದು ಸಣ್ಣ ಸಂಸ್ಥೆಯ ಪರವಾಗಿ ಮುಂಬೈ, ಪುಣೆ, ಬೆಂಗಳೂರು, ದಿಲ್ಲಿಯ ಖಾಸಗಿ ಪ್ರತಿಷ್ಠಾನಗಳಿಗೆ ಅರ್ಜಿ ಬರೆದು ಅನುದಾನ ಕೇಳುವುದು. ಮದುವೆಮುಂಜಿಗಳಲ್ಲಿ ಯಾರಾದರೂ ವಿಚಾರಿಸಿದರೆ “ಎನ್‌ಜಿಓದಾಗ ಅದೀನ್ರಿ” ಅಂದು ಮುಗಿಸುತ್ತಿದ್ದೆ. ನನ್ನ ಅತ್ತೆ ಮಾತ್ರ ಬಿಡಿಸಿ ಹೇಳುತ್ತಿದ್ದರು. “ನಮ್ಮ ಸೊಸಿ ದೊಡ್ಡ ಮಂದಿಗೆ ಕಾಗದ ಬರಿತಾಳ್ರಿ. ಅವರು ಓದೂದಿಲ್ಲ.” ಇಡೀ ವೃತ್ತಿಯನ್ನು ಇದಕ್ಕಿಂತ ಚೆನ್ನಾಗಿ ಯಾವ ಸಲಹೆಗಾರನೂ ನನಗೆ ವಿವರಿಸಲಿಲ್ಲ.

ಸಂಸ್ಥೆ ಕಟ್ಟಿದವರು ಕಲ್ಲಪ್ಪ ಮಾಸ್ತರು, ಹೈಸ್ಕೂಲಿನ ಹೆಡ್‌ಮಾಸ್ತರಾಗಿದ್ದವರು. ಅವರ ತಂಗಿಯ ಮಗಳಿಗೆ ಹುಟ್ಟಿನಿಂದಲೇ ಕೈಕಾಲು ಸ್ವಾಧೀನದಲ್ಲಿರಲಿಲ್ಲ. ಅಂಥ ಮಕ್ಕಳನ್ನು ಹೊತ್ತುಕೊಂಡು ತಾಯಂದಿರು ಹುಬ್ಬಳ್ಳಿಯ ದವಾಖಾನೆಗೆ ಓಡಾಡುವುದು ತಪ್ಪಲಿ, ಇಲ್ಲೇ ಊರುಗಳಲ್ಲಿ ಒಂದೊಂದು ಕೋಣೆ ಮಾಡಿ ವಾರಕ್ಕೆ ಕೆಲವು ದಿನ ವ್ಯಾಯಾಮ ಮಾಡಿಸೋಣ ಎಂಬುದು ಅವರ ಆಸೆ. ಒಳ್ಳೆಯ ಮನುಷ್ಯ, ಸಿಟ್ಟಿನ ಮನುಷ್ಯ. ಅರ್ಜಿಯನ್ನು ಅವರು ಕನ್ನಡದಲ್ಲಿ ಬರೆಯುತ್ತಿದ್ದರು, ನಾನು ಇಂಗ್ಲಿಷಿಗೆ ಇಳಿಸಬೇಕು. ಅವರ ಕನ್ನಡದಲ್ಲಿ ಒಂದು ಕಾಮಾ ಅಲುಗಾಡಿಸುವ ಹಾಗಿರಲಿಲ್ಲ.

ನಮ್ಮ ಮೊಟ್ಟಮೊದಲ ಅರ್ಜಿಯ ಕಥೆ ಹೇಳುತ್ತೇನೆ. ‘ನಿಮ್ಮ ಪ್ರದೇಶದ ಅಗತ್ಯವನ್ನು ವಿವರಿಸಿ’ ಎಂದು ಕೇಳಿದ್ದರು. ಮಾಸ್ತರು ನರಗುಂದದ ಗುಡ್ಡದಿಂದ ಶುರು ಮಾಡಿದರು. ಅಲ್ಲಿಯ ಬಂಡಾಯ, ಅಲ್ಲಿಂದ ಗಜೇಂದ್ರಗಡದ ಕೋಟೆ, ಆಮೇಲೆ ರೋಣದ ಹಳೆಯ ಗುಡಿಗಳು. ಮಕ್ಕಳ ವಿಷಯ ಬರುವ ಹೊತ್ತಿಗೆ ನಾಲ್ಕನೆಯ ಪುಟ. “ಸರ್, ಇದು ಭಾಳ ಆತೇನ್ರಿ” ಅಂದೆ. “ನಾವು ಯಾರಂತ ಗೊತ್ತಾಗಬೇಕೋ ಬ್ಯಾಡೋ ಅವರಿಗೆ?” ಅಂದರು. ತಿಂಗಳುಗಳ ಮೇಲೆ ಉತ್ತರ ಬಂತು. ನಿಮ್ಮ ಪರಂಪರೆ ಸಂರಕ್ಷಣೆಯ ಕಾಳಜಿ ಮೆಚ್ಚುವಂಥದ್ದು, ಆದರೆ ನಮ್ಮ ಪ್ರತಿಷ್ಠಾನ ಕೋಟೆಗಳ ದುರಸ್ತಿಗೆ ನೆರವು ಕೊಡುವುದಿಲ್ಲ ಎಂದಿತ್ತು. ಮಾಸ್ತರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು. “ಕ್ವಾಟಿ ಕೇಳಿದವರ್ಯಾರು? ಕೂಸಿನ ಕಾಲ ಕೇಳೇವಿ ನಾವು.”

ಎರಡನೆಯ ಸಲ ನಾನು ಹುಷಾರಾದೆ. ಇತಿಹಾಸ ಬಿಟ್ಟು ನೇರವಾಗಿ ಮಕ್ಕಳಿಂದಲೇ ಆರಂಭಿಸಿದೆ. ರೋಣ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ ‘ರಾನ್’ ಎಂದೂ ಓದಬಹುದು, ಅದು ಇಂಗ್ಲಿಷರ ಊರಲ್ಲಿ ಗಂಡಸರ ಹೆಸರು ಅನ್ನುವುದು ನನಗೆ ಹೊಳೆದಿರಲಿಲ್ಲ. ‘ರೋಣದ ಮಕ್ಕಳು’ ಅಂತ ಉದ್ದಕ್ಕೂ ಬರೆದಿದ್ದೆ. ‘ಪ್ರಿಯ ಶ್ರೀ ರಾನ್ ಅವರೇ’ ಎಂದು ಉತ್ತರ ಬಂತು. ಈ ವರ್ಷ ನೆರವು ಸಾಧ್ಯವಿಲ್ಲ, ಆದರೆ ನಿಮ್ಮ ಮಕ್ಕಳೆಲ್ಲರೂ ಬೇಗ ಗುಣವಾಗಲೆಂದು ಹಾರೈಸುತ್ತೇವೆ ಎಂದು ಬರೆದಿದ್ದರು. ಮುಂದೆ ಎಷ್ಟೋ ದಿನ ಆಫೀಸಿನಲ್ಲಿ ಮಾಸ್ತರು ಬಾಗಿಲಿಗೆ ಬಂದರೆ “ರಾನ್ ಸಾಹೇಬ್ರು ಬಂದ್ರು” ಅಂತ ನಾವು ಒಳಗೊಳಗೇ ನಗುತ್ತಿದ್ದೆವು. ಅವರಿಗೂ ಗೊತ್ತಿತ್ತು.

ಮೂರನೆಯದಕ್ಕೋ ನಾಲ್ಕನೆಯದಕ್ಕೋ ಅನುದಾನ ಸಿಕ್ಕಿತು. ಅಬ್ಬಿಗೇರಿಯಲ್ಲಿ ಕಿರಾಣಿ ಅಂಗಡಿಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆವು. ಆಮೇಲೆ ಕೊಣ್ಣೂರಿನಲ್ಲಿ ಒಂದು, ಗಜೇಂದ್ರಗಡದಲ್ಲಿ ಒಂದು. ಪ್ರತಿ ಕೋಣೆಯಲ್ಲೂ ಒಂದು ದಪ್ಪ ಜಮಖಾನೆ, ಹಿಡಿದು ನಿಲ್ಲಲು ಜೋಡಿ ಕಂಬಿ, ಎದುರಿಗೆ ದೊಡ್ಡ ಕನ್ನಡಿ, ಅಷ್ಟೇ. ಗದುಗಿನಿಂದ ವ್ಯಾಯಾಮ ಮಾಡಿಸುವ ಒಬ್ಬ ಹೆಣ್ಣುಮಗಳು ಬಸ್ಸಿನಲ್ಲಿ ಬರುತ್ತಿದ್ದರು, ನಾವೆಲ್ಲ ‘ಥೆರಪಿಸ್ಟ್ ಬಾಯಿ’ ಅನ್ನುತ್ತಿದ್ದೆವು.

ಅಬ್ಬಿಗೇರಿಯ ಕೋಣೆಗೆ ಮೊದಲು ಬಂದವಳು ಗಂಗವ್ವ. ಮಗಳು ಶಿವಲೀಲಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮಗುವಿನ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದಿದ್ದವು. ನಿಮಗೆ ಏನಾಗಬೇಕು ಅಂತ ಥೆರಪಿಸ್ಟ್ ಬಾಯಿ ಕೇಳಿದರು. ಬೇರೆ ತಾಯಂದಿರು ನಡೆಯಬೇಕು, ಓಡಬೇಕು, ಸಾಲಿಗೆ ಹೋಗಬೇಕು ಅನ್ನುತ್ತಿದ್ದರು. ಗಂಗವ್ವ ಕೇಳಿದ್ದು ಬೇರೆ. “ನಾಳೆ ದೊಡ್ಡಾಕಿ ಆಗ್ತಾಳ್ರಿ. ನಾ ಹೊಲಕ್ಕ ಹೋದಾಗ ಬಚ್ಚಲಕ ತಾನ ಹೋಗಿ ಬರುವಂಗಾದ್ರ ಸಾಕ್ರಿ. ಮತ್ತೊಬ್ಬರನ್ನ ಕರಿಬಾರದು ಆಕಿ.” ಇಷ್ಟು ಖಚಿತವಾದ ಗುರಿಯನ್ನು ನಾನು ಯಾವ ಅರ್ಜಿಯಲ್ಲೂ ಬರೆದಿರಲಿಲ್ಲ. ಅವಳ ಮನೆಯಲ್ಲಿ ಪಡಸಾಲೆಗೂ ಬಚ್ಚಲಿಗೂ ನಡುವೆ ಒಂದು ಎತ್ತರದ ಹೊಸ್ತಿಲಿತ್ತು. ಆ ಹೊಸ್ತಿಲು ದಾಟುವುದೇ ನಮ್ಮ ಗುರಿಯಾಯಿತು.

ಕೆಲವು ವರ್ಷ ಹಿಡಿಯಿತು. ಮೊದಲು ಆಸರೆಯಿಲ್ಲದೆ ಕೂತಳು. ಆಮೇಲೆ ಒಂದು ಬೆಳಿಗ್ಗೆ ಕಂಬಿ ಹಿಡಿದು ನಿಂತಳು. ಕನ್ನಡಿಯಲ್ಲಿ ನಿಂತ ಶಿವಲೀಲಾಳನ್ನು ಶಿವಲೀಲಾ ಅದೇ ಮೊದಲ ಸಲ ನೋಡಿದ್ದು. ನಾಲಗೆಯೂ ತೊಡರುತ್ತಿದ್ದ ಹುಡುಗಿ ನಿಧಾನಕ್ಕೆ “ಅವ್ವಾ, ನಾ ಎತ್ತರ ಅದೀನಿ” ಅಂದಳು. ಗಂಗವ್ವ ಗೋಡೆಯ ಕಡೆ ತಿರುಗಿ ನಿಂತಳು. ನನಗೂ ಅಳು ಬಂತು.

ಈ ನಡುವೆ ಅರ್ಜಿಯ ಪದ್ಧತಿಯೇ ಬದಲಾಯಿತು. ಮೊದಲು ಟೈಪು ಮಾಡಿ, ಗದುಗಿಗೆ ಹೋಗಿ ಕೊರಿಯರ್ ಮಾಡುತ್ತಿದ್ದೆ. ಆಮೇಲೆ ಈಮೇಲು. ಆಮೇಲೆ ಪೋರ್ಟಲು. ಪೋರ್ಟಲಿನಲ್ಲಿ ಪ್ರತಿ ಪ್ರಶ್ನೆಗೂ ಒಂದು ಡಬ್ಬಿ, ಡಬ್ಬಿ ತುಂಬಿದರೆ ಮುಂದಿನ ಅಕ್ಷರ ಬೀಳುವುದೇ ಇಲ್ಲ. ನಡುಮಧ್ಯಾಹ್ನ ಕರೆಂಟು ಹೋದರೆ ಬರೆದದ್ದೆಲ್ಲ ಹೋಯಿತು. ಹೊಸ ಹೊಸ ಶಬ್ದಗಳು ಬಂದವು. ಒಂದು ವರ್ಷ ಎಲ್ಲರಿಗೂ ಹೆಣ್ಣುಮಕ್ಕಳು ಬೇಕು, ಮರುವರ್ಷ ನೀರು, ಅದರ ಮರುವರ್ಷ ಹವಾಮಾನ. ನಿಮ್ಮ ಥೆರಪಿಗೂ ಹವಾಮಾನ ಬದಲಾವಣೆಗೂ ಇರುವ ಸಂಬಂಧವನ್ನು ವಿವರಿಸಿ ಎಂದು ಒಬ್ಬರು ಕೇಳಿದರು. ಮಾಸ್ತರಿಗೆ ಆಗಲೇ ವಯಸ್ಸಾಗಿತ್ತು. “ಥಂಡಿಗೆ ಕಾಲ ಬಿಗಿತಾವ, ಬಿಸಲಿಗೆ ಸಡ್ಲ ಆಗ್ತಾವ ಅಂತ ಬರಿವಾ. ಅದೂ ಹವಾಮಾನನ” ಅಂದರು. ಬರೆಯಲಿಲ್ಲ. ಆದರೆ ಬೇರೇನು ಬರೆಯಬೇಕೆಂದೂ ತೋಚಲಿಲ್ಲ.

ಎಲ್ಲಕ್ಕಿಂತ ನನ್ನನ್ನು ದಣಿಸಿದ ಪ್ರಶ್ನೆ ಒಂದಿತ್ತು, ಈಗಲೂ ಇದೆ. ‘ನಮ್ಮ ನೆರವು ನಿಂತ ಮೇಲೆ ನೀವು ಹೇಗೆ ನಡೆಸುತ್ತೀರಿ?’ ಹೆಣ್ಣು ನೋಡಲು ಬಂದವರು ಚಹಾ ಕುಡಿಯುವ ಮೊದಲೇ ಸೋಡಚೀಟಿ, ಅಂದರೆ ವಿಚ್ಛೇದನದ ಕಾಗದ, ತೋರಿಸಿದ ಹಾಗೆ. ಕಾಲು ಬಿಗಿದ ಮಗುವಿಗೆ ವ್ಯಾಯಾಮ ನಿಂತರೆ ಕಾಲು ಮತ್ತೆ ಬಿಗಿಯುತ್ತದೆ, ಇದು ಮುಗಿಯುವ ಕೆಲಸವಲ್ಲ ಅಂತ ನಿಜ ಬರೆದರೆ ಅರ್ಜಿ ಬೀಳುತ್ತದೆ. ಸಮುದಾಯವೇ ಮುಂದೆ ನಡೆಸಿಕೊಂಡು ಹೋಗುತ್ತದೆ ಅಂತ ಬರೆಯಬೇಕು. ಎಲ್ಲರೂ ಹಾಗೇ ಬರೆಯುತ್ತಿದ್ದರು, ನಾನೂ ಬರೆಯುತ್ತಿದ್ದೆ.

‘ಅಪಾಯಗಳು’ ಎಂಬ ಡಬ್ಬಿಯೂ ಹಾಗೆಯೇ. ಮೊದಲ ವರ್ಷ ‘ಯಾವುದೂ ಇಲ್ಲ’ ಅಂತ ಬರೆದೆ. ಆ ಮಳೆಗಾಲದಲ್ಲಿ ಮಲಪ್ರಭೆ ಏರಿ ಕೊಣ್ಣೂರಿನ ಸೇತುವೆಯ ಮೇಲೆ ಬಂದಳು. ಥೆರಪಿಸ್ಟ್ ಬಾಯಿ ಹೋಗುವಂತಿಲ್ಲ, ಮಕ್ಕಳು ಬರುವಂತಿಲ್ಲ. ಹಾಜರಾತಿ ಯಾಕೆ ಸೊನ್ನೆ ಎಂದು ಮುಂಬೈಯಿಂದ ಪ್ರಶ್ನೆ ಬಂತು. ಮರುವರ್ಷ ಅಪಾಯದ ಡಬ್ಬಿಯಲ್ಲಿ ‘ಹೊಳೆ’ ಅಂತ ಬರೆದೆ. ಅಪಾಯವನ್ನು ತಗ್ಗಿಸಲು ಏನು ಮಾಡುವಿರಿ ಎಂದರು. ‘ನೀರು ಇಳಿಯುವವರೆಗೆ ಕಾಯುತ್ತೇವೆ’ ಅಂತ ಬರೆದೆ, ತಿರಸ್ಕರಿಸಿದರು. ‘ಪರಿಸ್ಥಿತಿಗೆ ಹೊಂದಿಕೊಳ್ಳುವ ವೇಳಾಪಟ್ಟಿ’ ಅಂತ ತಿದ್ದಿ ಕಳಿಸಿದೆ, ಒಪ್ಪಿದರು. ಆ ವರ್ಷವೂ ನೀರು ಇಳಿಯುವವರೆಗೆ ಕಾದೆವು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಅಬ್ಬಿಗೇರಿಯ ಕೋಣೆಗೆ ನೆರವು ಕೊಡುತ್ತಿದ್ದ ಪ್ರತಿಷ್ಠಾನ ಅನುದಾನವನ್ನು ಮುಂದುವರಿಸುವ ಮೊದಲು ಒಬ್ಬ ಅಧಿಕಾರಿಯನ್ನು ಕಳಿಸಿತು. ಹೆಸರು ನಿಖಿಲ್. ಅಹಂಕಾರವಿಲ್ಲದ ತರುಣ, ಓದಿಕೊಂಡವನು, ಮಕ್ಕಳ ಮೇಲೆ ನಿಜವಾದ ಪ್ರೀತಿಯಿತ್ತು. ರೋಣದಿಂದ ಅಬ್ಬಿಗೇರಿಗೆ ಜೀಪಿನಲ್ಲಿ ಹೋಗುವಾಗ ನನಗೆ ಕೆಲವು ಕನ್ನಡ ಶಬ್ದ ಕಲಿಸಿ ಅಂದ. ನಮಸ್ಕಾರ, ನೀರು, ಚಲೋ ಕಲಿಸಿದೆ. ಊಟಕ್ಕೆ ಹೆಚ್ಚು ಬಡಿಸಿದರೆ ಏನನ್ನಬೇಕು ಎಂದ. ‘ಸಾಕು’ ಅನ್ನಬೇಕು ಎಂದೆ. ಜೀಪು ಊರು ಮುಟ್ಟುವವರೆಗೆ ಅವನು ಸಾಕು, ಸಾಕು ಅಂತ ಬಾಯಿಪಾಠ ಮಾಡಿದ.

ಈ ಶಬ್ದದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಕಡೆ ಊಟಕ್ಕೆ ಕೂತವರು ‘ಸಾಕ್ರಿ’ ಅಂದರೆ ಯಾರೂ ಬಡಿಸುವುದನ್ನು ನಿಲ್ಲಿಸುವುದಿಲ್ಲ. ಅದು ಮರ್ಯಾದೆಯ ಮಾತು. ನಾನು ದುರಾಸೆಯವನಲ್ಲ, ನಿಮ್ಮ ಮನೆಯ ರೊಟ್ಟಿ ಲೆಕ್ಕ ಮಾಡುವವನಲ್ಲ ಅಂತ ಅರ್ಥ. ಅದನ್ನು ಕೇಳಿದ ಮೇಲೆಯೇ ಇನ್ನೊಂದು ರೊಟ್ಟಿ ಬೀಳಬೇಕು. ನಿಜವಾಗಿಯೂ ಹೊಟ್ಟೆ ತುಂಬಿದವರು ಮಾತಾಡುವುದಿಲ್ಲ, ತಟ್ಟೆಯ ಮೇಲೆ ಅಡ್ಡ ಕೈ ಹಿಡಿಯುತ್ತಾರೆ. ಇದನ್ನೆಲ್ಲ ಯಾರೂ ಯಾರಿಗೂ ಕಲಿಸಿದ್ದಲ್ಲ, ಆದ್ದರಿಂದ ಕಲಿಸಬೇಕೆಂದು ನನಗೆ ಹೊಳೆಯಲೂ ಇಲ್ಲ.

ಕೋಣೆಯಲ್ಲಿ ತಾಯಂದಿರು ಸೆರಗು ಹೊದ್ದು ಕೂತಿದ್ದರು. ಶಿವಲೀಲಾ ಕಂಬಿ ಹಿಡಿದು ನಾಲ್ಕು ಹೆಜ್ಜೆ ಇಟ್ಟು ತೋರಿಸಿದಳು. ನಿಖಿಲ್ ಚಪ್ಪಾಳೆ ತಟ್ಟಿದ. ಆಮೇಲೆ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ: ಇಲ್ಲಿಯವರೆಗೆ ಆದದ್ದು ನಿಮಗೆ ತೃಪ್ತಿಯಾಗಿದೆಯೇ, ಇನ್ನೂ ನೆರವು ಬೇಕಾಗುತ್ತದೆಯೇ? ಎಲ್ಲರೂ ಗಂಗವ್ವನ ಮುಖ ನೋಡಿದರು. ಗಂಗವ್ವ ಕೈ ಜೋಡಿಸಿ ನಕ್ಕಳು. “ಸಾಕ್ರಿ ಸಾಹೇಬ್ರ. ಇಷ್ಟ ಮಾಡಿದ್ದ ಭಾಳಾತ್ರಿ. ನಿಮಗ ಇನ್ನೇನ ಕೇಳೂದ್ರಿ.” ಉಳಿದವರೂ “ಸಾಕ್ರಿ, ಸಾಕ್ರಿ” ಅಂದರು. ನಾನು ಅನುವಾದಿಸಲು ಬಾಯಿ ತೆಗೆದೆ. ನಿಖಿಲ್ ಕೈ ಎತ್ತಿ ತಡೆದ. ಬೇಡ, ಈ ಶಬ್ದ ನನಗೆ ಗೊತ್ತು ಅಂದ. ಅವನ ಮುಖದಲ್ಲಿ ಸಂತೋಷವಿತ್ತು. ಕಲಿತ ಶಬ್ದ ಅದೇ ದಿನ ಉಪಯೋಗಕ್ಕೆ ಬಂದಿತ್ತಲ್ಲ.

ಅಲ್ಲಿಂದ ಗಂಗವ್ವನ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಜುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎರಡು ರೊಟ್ಟಿಯಾದ ಮೇಲೆ ನಿಖಿಲ್ ಸ್ಪಷ್ಟವಾಗಿ ‘ಸಾಕು’ ಅಂದ. ಗಂಗವ್ವ ಇನ್ನೊಂದು ಹಾಕಿದಳು. ಮತ್ತೆ ‘ಸಾಕು’ ಅಂದ. ಅರ್ಧ ಮುರಿದು ಹಾಕಿದಳು. ನನ್ನ ಉಚ್ಚಾರ ಸರಿಯಿಲ್ಲವೇನೋ ಅಂತ ಅವನು ನಕ್ಕ. ನಾವೆಲ್ಲರೂ ನಕ್ಕೆವು. ಅರ್ಧ ಗಂಟೆಯ ಹಿಂದೆ ಕೋಣೆಯಲ್ಲಿ ಏನಾಗಿತ್ತೆಂಬುದು ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಫೋನು ಬಂದಾಗ. ನಿಖಿಲ್ ಖುಷಿಯಿಂದಲೇ ಮಾತಾಡಿದ. ಅಬ್ಬಿಗೇರಿಯಲ್ಲಿ ಕೆಲಸ ಪೂರ್ಣವಾಗಿದೆ, ಸಮುದಾಯದವರೇ ಸಾಕು ಅಂದಿದ್ದಾರೆ, ಇಷ್ಟು ಸ್ವಾಭಿಮಾನದ ಜನರನ್ನು ನಾನು ನೋಡಿಲ್ಲ, ಆದ್ದರಿಂದ ಈ ಹಣವನ್ನು ಇನ್ನೂ ಕಷ್ಟದಲ್ಲಿರುವ ಜಿಲ್ಲೆಗೆ ಕೊಡಲು ನಮ್ಮ ಮಂಡಳಿ ನಿರ್ಧರಿಸಿದೆ ಅಂದ. ನಾನು ವಿವರಿಸಿದೆ. ರೊಟ್ಟಿ ನೆನಪಿಸಿದೆ. ಅವನಿಗೆ ತಿಳಿಯಿತು, ನನಗೆ ಕೇಳಿಸುವಷ್ಟು ನಿಟ್ಟುಸಿರು ಬಿಟ್ಟ. ಆದರೆ ಮಂಡಳಿ ಮತ್ತೆ ಸೇರುವುದು ಮುಂದಿನ ವರ್ಷ.

ಮಾಸ್ತರ ಮನೆಗೆ ಹೋಗಿ ಹೇಳಿದೆ. ಆಗ ಅವರು ಹಾಸಿಗೆ ಹಿಡಿದಿದ್ದರು. ಪೂರ್ತಿ ಕೇಳಿಸಿಕೊಂಡರು. “ಸಾಕು ಅನ್ನೂದ ಕಲಿಸಿದಿ. ಸಾಕು ಅಂದಾಗ ಹಾಕೂದ ಕಲಿಸಲಿಲ್ಲ ನೋಡವಾ” ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ಚಳಿಗಾಲ ಅವರು ತೀರಿಕೊಂಡರು.

ಅಬ್ಬಿಗೇರಿಯ ಕೋಣೆ ಮುಚ್ಚಿತು. ಕಂಬಿಗಳನ್ನು ಗಜೇಂದ್ರಗಡಕ್ಕೆ ಸಾಗಿಸಿದೆವು, ಕನ್ನಡಿ ಕಿರಾಣಿ ಅಂಗಡಿಯವರ ಹತ್ತಿರ ಉಳಿಯಿತು. ಗಂಗವ್ವ ಮನೆಯಲ್ಲೇ ಮಗಳ ಕಾಲು ತಿಕ್ಕುತ್ತಿದ್ದಳು, ಎಳೆಯುತ್ತಿದ್ದಳು. ಆದರೆ ಅದು ವಯಸ್ಸಿಗೆ ಬರುವ ಹುಡುಗಿ, ಎಲುಬು ಬೆಳೆಯುತ್ತಿತ್ತು, ಸ್ನಾಯು ಜೊತೆಗೆ ಬೆಳೆಯಲಿಲ್ಲ. ಕಡಲೆ ಕೀಳುವ ಸುಗ್ಗಿ ಮುಗಿದ ಮೇಲೆ ನಾನು ಹೋದಾಗ ಶಿವಲೀಲಾ ಗೋಡೆಗೆ ಒರಗಿ ಕೂತಿದ್ದಳು. ಕಾಲು ಮತ್ತೆ ಕತ್ತರಿಯಾಗಿದ್ದವು. “ಬಿಗಿ ಆಗ್ಯಾವ್ರಿ ಅಕ್ಕಾರ” ಅಂದಳು ಗಂಗವ್ವ. ನನ್ನ ಮಾತಿನಿಂದ ಹಿಂಗಾತೇನ್ರಿ ಅಂತ ಅವಳು ಕೇಳಲಿಲ್ಲ. ಅವಳಿಗೆ ಗೊತ್ತಾಗಿತ್ತು, ಊರಲ್ಲಿ ಯಾರೋ ಹೇಳಿದ್ದರು. ನನಗೆ ಅಲ್ಲಿ ಕೂರಲಾಗಲಿಲ್ಲ.

ಆ ವರ್ಷ ನಾನು ಬರೆದಷ್ಟು ಅರ್ಜಿ ಜೀವಮಾನದಲ್ಲಿ ಬರೆದಿಲ್ಲ. ಹೆಚ್ಚಿನವಕ್ಕೆ ಉತ್ತರವೇ ಬರಲಿಲ್ಲ. ಕೊನೆಗೆ ಬೆಂಗಳೂರಿನ ಒಂದು ಪ್ರತಿಷ್ಠಾನ ಒಬ್ಬ ಅಧಿಕಾರಿಣಿಯನ್ನು ಕಳಿಸುತ್ತೇವೆ ಅಂದಿತು. ಆಕೆಗೆ ಕನ್ನಡ ಗೊತ್ತು, ಆದರೆ ಆಕೆಯ ಊರಿನ ಕನ್ನಡದಲ್ಲಿ ಸಾಕು ಅಂದರೆ ಏನೋ ಯಾರಿಗೆ ಗೊತ್ತು? ನಾನು ಮೊದಲೇ ಅಬ್ಬಿಗೇರಿಗೆ ಹೋಗಿ ತಾಯಂದಿರನ್ನು ಗಂಗವ್ವನ ಪಡಸಾಲೆಯಲ್ಲಿ ಕೂರಿಸಿದೆ.

“ಈ ಸಲ ಸಾಕು ಅನಬ್ಯಾಡ್ರಿ. ಸಾಲೂದಿಲ್ಲ ಅನ್ರಿ. ಇನ್ನೂ ಬೇಕು ಅನ್ರಿ.”

ಗಂಗವ್ವ ನೆಲ ನೋಡುತ್ತ ಹೇಳಿದಳು. “ಮನಿತನಕ ಬಂದಾವ್ರ ಮುಂದ ಸಾಲೂದಿಲ್ಲ ಅಂತ ಹ್ಯಾಂಗ ಅನ್ನೂದ್ರಿ? ಭಿಕ್ಷಾ ಬೇಡಿದಂಗ ಆಗೂದಿಲ್ಲೇನ್ರಿ?”

“ಬೇಡೂದು ನನ್ನ ಕೆಲಸ ಗಂಗವ್ವಾ. ನೀ ಖರೇ ಹೇಳಿದ್ರ ಆತು.”

“ಖರೇ ಹೇಳೂದಕ್ಕೂ ಬೇಡೂದಕ್ಕೂ ನಮ್ಮಂಥವರಿಗೆ ಭಾಳ ಫರಕ ಇಲ್ರಿ” ಅಂದಳು. ಆದರೂ ಅಭ್ಯಾಸ ಮಾಡಿದಳು. ನಾನು ಅಧಿಕಾರಿಣಿಯ ಹಾಗೆ ಕೇಳುವುದು, ಅವಳು ಉತ್ತರಿಸುವುದು. ಎಷ್ಟು ಸಲ ಕೇಳಿದರೂ ಬಾಯಿಗೆ ಮೊದಲು ‘ಸಾಕ್ರಿ’ ಬರುತ್ತಿತ್ತು, ನಾಲಗೆ ಕಚ್ಚಿಕೊಳ್ಳುತ್ತಿದ್ದಳು. ಶಿವಲೀಲಾ ಗೋಡೆಗೆ ಒರಗಿ ನಗುತ್ತಿದ್ದಳು.

ಅಧಿಕಾರಿಣಿ ಬಂದ ದಿನ ಗಂಗವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನಿಂತಳು. ಪ್ರಶ್ನೆ ಬಂತು. “ಸಾಲೂದಿಲ್ರಿ” ಅಂದಳು. “ನನ್ನ ಮಗಳು ನಿಂತಿದ್ಲು. ಈಗ ನಿಂದರೂದಿಲ್ಲ. ಇನ್ನೂ ಬೇಕ್ರಿ.” ದನಿ ನಡುಗಲಿಲ್ಲ. ಹೇಳಿ ಮುಗಿಸಿ ಒಳಗೆ ಹೋದವಳು ಬಂದವರಿಗೆ ಬಡಿಸಲು ಹೊರಗೆ ಬರಲಿಲ್ಲ, ಅವಳ ನಾದಿನಿ ಬಡಿಸಿದಳು. ಅಧಿಕಾರಿಣಿ ‘ಸಾಕು’ ಅಂದಾಗ ನಾದಿನಿ ಇನ್ನೊಂದು ರೊಟ್ಟಿ ಹಾಕಿದ್ದನ್ನು ನೋಡಿ ನನಗೆ ನಗು ಬರಲಿಲ್ಲ.

ಅನುದಾನ ಬಂತು. ಕಂಬಿ ಮರಳಿದವು, ಕನ್ನಡಿ ಮರಳಿತು. ಶಿವಲೀಲಾ ಹುಬ್ಬಳ್ಳಿಯಲ್ಲಿ ಕಾಲಿನ ಒಂದು ಆಪರೇಷನ್‌ಗೂ ಒಳಗಾಗಬೇಕಾಯಿತು. ಮತ್ತೆ ಕೂರುವುದರಿಂದ ಶುರು.

ನಾನು ನಿವೃತ್ತಳಾಗಿ ಈಗ ಕೆಲ ಕಾಲವಾಯಿತು. ಇಂದಿನ ಹುಡುಗಿಯರು ಅರ್ಜಿಯನ್ನು ಕಂಪ್ಯೂಟರಿನಿಂದಲೇ ಬರೆಸುತ್ತಾರಂತೆ, ನೋಡಿದ್ದೇನೆ. ಇಂಗ್ಲಿಷು ನನ್ನದಕ್ಕಿಂತ ಚೆನ್ನಾಗಿದೆ. ರೋಣವನ್ನು ಅದು ಮನುಷ್ಯ ಅಂದುಕೊಳ್ಳುವುದಿಲ್ಲ. ನನಗೆ ದೂರೇನಿಲ್ಲ. ನಾನು ದಣಿದಿದ್ದೇನೆ, ಅವರು ದಣಿಯದಿರಲಿ. ಆದರೆ ಯಾರ ಪರವಾಗಿ ಕೇಳುತ್ತೀರೋ ಅವರ ಮನೆಯಲ್ಲಿ ಒಮ್ಮೆ ಉಂಡು ಬನ್ನಿ, ಪೋರ್ಟಲು ತೆರೆಯುವ ಮೊದಲು. ಫೋನು ಮಾಡಿದವರಿಗೆಲ್ಲ ನಾನು ಹೇಳುವುದು ಇಷ್ಟೇ.

ಹೋದ ತಿಂಗಳು ಅಬ್ಬಿಗೇರಿಗೆ ಹೋಗಿದ್ದೆ, ಕೆಲಸವಿಲ್ಲದೆ, ಸುಮ್ಮನೆ. ಶಿವಲೀಲಾ ಈಗ ತರುಣಿ. ನಾಲ್ಕು ಕಾಲಿನ ಊರುಗೋಲು ಹಿಡಿದು ಪಡಸಾಲೆಯಲ್ಲಿ ಓಡಾಡುತ್ತಾಳೆ, ಬಚ್ಚಲಿನ ಹೊಸ್ತಿಲವರೆಗೆ ತಾನೇ ಹೋಗುತ್ತಾಳೆ. ಹೊಸ್ತಿಲ ಹತ್ತಿರ ನಿಂತು ಅವ್ವನನ್ನು ಕರೆಯುತ್ತಾಳೆ. ಆ ಒಂದು ವರ್ಷ ಹೋಗಿರದಿದ್ದರೆ ಕರೆಯಬೇಕಾಗುತ್ತಿರಲಿಲ್ಲವೇನೋ. ಥೆರಪಿಸ್ಟ್ ಬಾಯಿ ಹಾಗೇನೂ ಹೇಳಿಲ್ಲ, ನಾನು ಕೇಳಿಯೂ ಇಲ್ಲ.

ಗಂಗವ್ವ ಊಟಕ್ಕೆ ಕೂರಿಸಿದಳು. ಎರಡನೆಯ ರೊಟ್ಟಿ ಮುಗಿಯುತ್ತಲೇ ಮೂರನೆಯದನ್ನು ಹಿಡಿದು ಬಂದಳು. ವಾಡಿಕೆಯ ಹಾಗೆ ನಾನು “ಸಾಕವಾ” ಅಂದೆ. ಅವಳು ನಿಂತಳು. ರೊಟ್ಟಿಯನ್ನು ಮತ್ತೆ ಬುಟ್ಟಿಗೆ ಹಾಕಿ ಮುಚ್ಚಿದಳು.

“ಖರೇನ ಹೇಳಬೇಕು, ಸಾಕಂದ್ರ ಸಾಕು ಅಂತ ನೀವ ಕಲಿಸೀರಲ್ರಿ” ಅಂದಳು. ಚೇಷ್ಟೆಗೆ ಅನ್ನಲಿಲ್ಲ. ಇನ್ನು ಹಿಂಗೇ ಅನ್ನುವ ಹಾಗೆ ಅಂದಳು. ಬಂದ ಅನುದಾನಗಳಿಗೆಲ್ಲ ಬದಲಾಗಿ ಈ ಮನೆಯಿಂದ ನಾನು ಏನು ತೆಗೆದುಕೊಂಡು ಹೋಗಿದ್ದೆ ಅನ್ನುವುದು ಆ ಮುಚ್ಚಿದ ಬುಟ್ಟಿ ನೋಡಿದಾಗ ತಿಳಿಯಿತು.

ಹೊಸ್ತಿಲ ಹತ್ತಿರ ಊರುಗೋಲು ಹಿಡಿದು ನಿಂತಿದ್ದ ಶಿವಲೀಲಾ ನಮ್ಮಿಬ್ಬರನ್ನೂ ನೋಡಿದಳು. ಮಾತು ಹೊರಡಲು ಅವಳಿಗೆ ಹೊತ್ತು ಹಿಡಿಯುತ್ತದೆ, ಹಿಡಿಯಿತು.

“ಹಾಕವ್ವಾ. ಅಕ್ಕಾರು ಸುಮ್ಮ ಅಂತಾರ.”

ಗಂಗವ್ವ ಬುಟ್ಟಿ ತೆರೆದಳು. ನಾನು ತಟ್ಟೆಗೆ ಅಡ್ಡ ಕೈ ಹಿಡಿಯಲಿಲ್ಲ.